ಶೇಂಗಾ ಬೇರಿಗೆ ಬಿಡಾರ ಬಂದವರು

ಗುಡೇಕೋಟೆಯಲ್ಲಿ ಹದವಾದ ಮಳೆ ಬಿದ್ದಿತ್ತು. ಊರೆಲ್ಲ ಶೇಂಗಾ ಬಿತ್ತಲು ಹೊರಟಿದ್ದರೆ, ಹಂಪಕ್ಕ ಬೀಜದ ಬುಟ್ಟಿಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಎದುರಿಗೆ ಸೊಸೆ ಪಂಪಮ್ಮ. ಅವಳ ಕೈಯಲ್ಲಿ ರೈತ ಸಂಪರ್ಕ ಕೇಂದ್ರದಿಂದ ತಂದ ರೈಜೋಬಿಯಂ ಜೀವಾಣು ಗೊಬ್ಬರದ ಪೊಟ್ಟಣ.

"ಕಾಯಿ ಸುಲಿದು ಸುಲಿದು ಹೆಬ್ಬೆಟ್ಟು ಬಾತೈತಿ. ಈ ಬೀಜಕ್ಕ ಆ ಕರಿ ಪುಡಿ ಹಚ್ಚಾಕ ಬಿಡಂಗಿಲ್ಲ. ಹೋದ ವರ್ಷ ಹಚ್ಚಿದ್ವಿ, ಗಿಡ ಕಾಮಣಿ ಆದಂಗ ಹಳದಿ ಆಗಿ ನಿಂತ್ವು," ಎಂದಳು ಹಂಪಕ್ಕ.

ಸ್ತ್ರೀಶಕ್ತಿ ಸಂಘದಿಂದ ತರಬೇತಿಗೆ ಹೋಗಿ ಬಂದಿದ್ದ ಪಕ್ಕದ ಮನೆಯ ಚೌಡಕ್ಕ ಇದನ್ನು ಕೇಳಿಸಿಕೊಂಡು ಒಳಬಂದಳು.

"ಹಚ್ಚಿದ ಮ್ಯಾಲೆ ಬೀಜ ಎಲ್ಲಿ ಒಣಗಿಸಿದ್ರಿ, ದೊಡ್ಡವ್ವ?"

"ಇನ್ನೆಲ್ಲಿ? ಗುಡ್ಡದ ಬಂಡೆ ಮ್ಯಾಲೆ. ಈ ಊರಾಗ ರಾಗಿ, ಹುಣಸಿ, ನನ್ನ ಸೀರಿ, ಎಲ್ಲಾ ಒಣಗೋದು ಅಲ್ಲೇ."

"ಹಂಗಾರ ಅಲ್ಲೇ ಸತ್ತಾವ ನೋಡ್ರಿ."

"ಯಾರು ಸತ್ತಾರಬೇ?"

"ಪುಡಿಯೊಳಗ ಕಣ್ಣಿಗೆ ಕಾಣದ ಜೀವ ಅದಾವ. ಅವು ಬೇರಿಗೆ ಹೋಗಿ ಬಿಡಾರ ಹೂಡ್ತಾವ. ಗಿಡ ಅವಕ್ಕ ಉಣ್ಣಾಕ ಇಡ್ತೈತಿ, ಅವು ಗಾಳ್ಯಾಗಿನ ಸಾರಜನಕ ಹಿಡಿದು ಗಿಡಕ್ಕ ಕೊಡ್ತಾವ. ಕಾದ ಬಂಡೆ ಮ್ಯಾಲೆ ಹರವಿದ್ರ ಉಳಿತಾವೇನು?"

"ಚಲೋ ಕಥಿ ಕಟ್ಟೀದಿ. ಅರ್ಧ ಬೀಜಕ್ಕ ಹಚ್ಚು, ಅರ್ಧ ನನಗ ಬಿಡು. ಕೆಟ್ಟ್ವು ಅಂದ್ರ ಬರೋ ವರ್ಷ ಕಾಯಿ ಸುಲಿಯೋದು ನೀನು."

ಚೌಡಕ್ಕ ಬೆಲ್ಲದ ನೀರು ಕುದಿಸಿ, ಪೂರ್ತಿ ತಣ್ಣಗಾದ ಮೇಲೆ ಪುಡಿ ಕಲಸಿದಳು. ಪಂಪಮ್ಮ ಕೂಸಿಗೆ ಎಣ್ಣೆ ಸವರುವಂತೆ, ಬೀಜದ ಸಿಪ್ಪೆ ಜಾರದ ಹಾಗೆ ಮೆಲ್ಲಗೆ ಸವರಿದಳು. ಪಡಸಾಲೆಯ ನೆರಳಲ್ಲಿ ಗೋಣಿಚೀಲದ ಮೇಲೆ ಹರವಿ, ಆರುತ್ತಲೇ ಅದೇ ದಿನ ಬಿತ್ತಿದರು.

ಹೂ ಬಿಡುವ ಹೊತ್ತಿಗೆ ಅತ್ತೆ ಸೊಸೆ ಹೊಲಕ್ಕೆ ಹೋದರು. ಪುಡಿ ಹಚ್ಚದ ಅತ್ತೆಯ ಸಾಲು ಮಂಕಾಗಿತ್ತು, ಪುಡಿ ಹಚ್ಚಿದ ಸೊಸೆಯ ಸಾಲು ಕಡುಹಸಿರು. ಹಂಪಕ್ಕ ಹಸಿರು ಗಿಡವೊಂದನ್ನು ಮಣ್ಣುಸಮೇತ ಅಗೆದಳು. ಬೇರಿನ ತುಂಬ ಸಣ್ಣ ಸಣ್ಣ ಗಂಟು.

"ಇದೇನೋ ರೋಗ ಬಂದೈತಿ, ಪಂಪಿ."

"ರೋಗ ಅಲ್ಲತ್ತಿ. ಒಂದು ಗಂಟು ಉಗುರಿಂದ ಸೀಳ್ರಿ."

ಒಳಗೆ ನಸುಗೆಂಪು.

"ಕೆಂಪಗದಾವ ಅಂದ್ರ ಒಳಗಿನ ಜೀವ ಕೆಲಸ ನಡಸ್ಯಾವ ಅಂತ ಅರ್ಥ."

ಹಂಪಕ್ಕ ಗಿಡವನ್ನು ಅದೇ ಕುಣಿಯಲ್ಲಿಟ್ಟು ಮಣ್ಣೊತ್ತಿದಳು. "ಪಾಪ, ದುಡಿಯೋರನ್ನ ಎಬ್ಬಿಸಿಬಿಟ್ಟೆ. ಮುಂದಿನ ಸಲ ಒಂದು ಬೀಜಾನೂ ಬಿಡಬ್ಯಾಡ, ನನ್ನವ್ವ."

ಅಕ್ಕಂದಿರೇ, ಅಣ್ಣಂದಿರೇ, ಶೇಂಗಾ, ತೊಗರಿ, ಕಡಲೆ, ಯಾವುದೇ ಇರಲಿ, ಆ ಬೆಳೆಯದೇ ಪೊಟ್ಟಣ ಕೇಳಿ ತನ್ನಿ, ಅವಧಿ ಮುಗಿದಿಲ್ಲವೆಂದು ನೋಡಿ. ಬೇರೆ ಔಷಧಿಯನ್ನು ಇದರೊಡನೆ ಬೆರೆಸಬೇಡಿ. ನೆರಳಲ್ಲಿ ಆರಿಸಿ, ಅಂದೇ ಬಿತ್ತಿ. ನಿಮ್ಮ ಹೊಲದ ಬೇರುಗಳೂ ಈ ನೆಂಟರಿಗಾಗಿ ಕಾದಿವೆ.