ತೂತಿನ ಬಟ್ಟಲು

ಉಡಚವ್ವ ತೀರಿಕೊಂಡ ಅಣ್ಣ ನೀಲಪ್ಪನ ಬಾಯಿಗೆ ನೀರು ಬಿಡಲು ಬಾಗಿದಳು. ಹಿತ್ತಾಳೆ ಬಟ್ಟಲಿನ ನೀರು ತುಟಿ ಮುಟ್ಟುವ ಮೊದಲೇ ತಳದಿಂದ ಸೋರಿ ಹೆಣದ ಎದೆ ತೋಯಿಸಿತು.

"ಅಯ್ಯ, ತೂತ ಬಿದ್ದೈತಲ್ಲ ಇದಕ!"

"ಅತ್ತಿ, ಅದು ಅಪ್ಪ ಬಣ್ಣದ ಗಟ್ಟಿತನ ಅಳಿಯೂ ಬಟ್ಟಲ. ಚಂಬು ತಗೋ," ಎಂದಳು ಪ್ರಭಾವತಿ.

ಬೇಲೂರು ಕೈಗಾರಿಕಾ ಪ್ರದೇಶದ ಬಣ್ಣದ ಫ್ಯಾಕ್ಟರಿಯಲ್ಲಿ ನೀಲಪ್ಪನ ಜೊತೆ ಮೂವತ್ತು ವರ್ಷ ದುಡಿದ ಖಾಜಾಸಾಬ ಕಣ್ಣೊರೆಸಿಕೊಳ್ಳುತ್ತಲೇ ನಕ್ಕ. "ಎಷ್ಟ ಸಾಹೇಬ್ರನ್ನ ಸೋಸೇತಿ ಆ ತೂತು, ಗೊತ್ತೈತೇನವ್ವ?"

ಅಷ್ಟರಲ್ಲಿ ಗಬ್ಬೂರಿನ ಆ ಅಂಗಳದ ಮುಂದೆ ಕಾರು ನಿಂತಿತು. ಫ್ಯಾಕ್ಟರಿಯ ಮ್ಯಾನೇಜರ್ ಸೌರಭ ಹೆಣಕ್ಕೆ ಹಾರ ಹಾಕಿ, ಪ್ರಭಾವತಿಯ ಹತ್ತಿರ ಬಂದು ದನಿ ತಗ್ಗಿಸಿದ. "ತಪ್ಪು ತಿಳೀಬ್ಯಾಡ್ರಿ. ಟ್ರ್ಯಾಕ್ಟರಿಗೆ ಹೊಡಿಯೋ ಬಣ್ಣ ತುಂಬಿದ ಲಾರಿ ನಿಂತದ. ಲ್ಯಾಬಿನ ಸಹಿ ನಿಮ್ಮದೇ ಬೇಕು. ಮಷಿನ್ ಪಾಸ್ ಮಾಡೇದ."

*

ಟ್ಯಾಂಕಿನೊಳಗೇ ಬಣ್ಣದ ಗಟ್ಟಿತನ ಅಳೆಯುವ ಮಷಿನ್ ಬಂದ ದಿನ ನೀಲಪ್ಪ ಎಲ್ಲರೆದುರು ಅಡ್ಡ ನಿಂತಿದ್ದ.

"ಮಷಿನ್ನ ಬಣ್ಣ ತಿರುವೂ ರೆಕ್ಕಿ ಬಾಜೂಕ ಹಚ್ಚೀರಲ್ರಿ ಸಾಹೇಬ್ರ! ಕಡ್ಲಿಹಿಟ್ಟಿನ ಝುಣಕಾ ತಿರುವೂಮುಂದ ತೆಳ್ಳಗ ಇರ್ತೈತಿ. ಇಳಿಸಿಟ್ಟು ನೋಡ್ರಿ, ಸೌಟು ನಿಲ್ತೈತಿ. ಬಣ್ಣಾನೂ ಹಂಗ. ಸ್ಪ್ರೇ ಗನ್ನಿನ್ಯಾಗ ಸಿಕ್ಕೊಂಡ್ರ ಬೈಸಿಕೊಳ್ಳಾಂವ ಬಣ್ಣ ಹೊಡಿಯಾಂವ, ನೀವಲ್ಲ."

ಮಷಿನ್ ಸರಿಯಿದೆ ಎಂದು ಸಹಿ ಮಾಡಲಿಲ್ಲ. ಮರುವಾರವೇ ಲ್ಯಾಬಿನಿಂದ ತೆಗೆದು ಗೇಟಿನ ಕಾವಲಿಗೆ ಹಾಕಿದರು. ಅಲ್ಲೇ ಒಂದು ಕುರ್ಚಿಯ ಮೇಲೆ ಆರು ವರ್ಷ ಕೂತ. ಮುಂದೆ ಅದೇ ಲ್ಯಾಬು ಸೇರಿದ ಮಗಳಿಗೆ ಕಲಿಸಿದ್ದು ಇಷ್ಟೇ: ಬಣ್ಣ ಅಲುಗದೆ ಕೂಡಬೇಕು, ಆಮೇಲೆ ಬಟ್ಟಲು ತುಂಬಬೇಕು. ತೂತಿಗೆ ಕೊಟ್ಟ ಬೆರಳು ತೆಗೆದಾಗ, ನಲವತ್ತು ಎಣಿಸುವುದರೊಳಗೆ ಸೋರುವ ಬಣ್ಣದ ಎಳೆ ಕಡಿಯಬೇಕು; ಕಡಿಯದಿದ್ದರೆ ಬಣ್ಣ ಗಟ್ಟಿ, ಸಹಿ ಇಲ್ಲ.

*

"ಸ್ಯಾಂಪಲ್?" ಎಂದಳು ಪ್ರಭಾವತಿ.

"ತಂದೇನಿ. ಕೇಳೇ ಕೇಳ್ತೀರಿ ಅಂತ ಗೊತ್ತಿತ್ತು." ಸೌರಭ ಡಬ್ಬಿ ಮುಂದೆ ಮಾಡಿದ.

"ಅಲ್ಲಿಡ್ರಿ. ಕಾರಿನ್ಯಾಗ ಕುಲುಕೇತಿ, ಕೂಡ್ಲಿ. ಅಪ್ಪನ ಪೂಜಿ ಮುಗೀಲಿ."

ಅವನು ಗಡಿಯಾರ ನೋಡಿದ. "ಪ್ರಭಾವತಿ, ಗೇಟಿನ ಕುರ್ಚಿ ಈಗ ಖಾಲಿ ಅದ, ನೆನಪಿರಲಿ."

"ಒರೆಸಿ ಇಡಸ್ರಿ."

ಪೂಜೆ ಮುಗಿಯುವವರೆಗೂ ಅವನು ಡಬ್ಬಿಯ ಪಕ್ಕದಲ್ಲೇ ನಿಂತ. ಆಮೇಲೆ ಅವಳು ಬಟ್ಟಲನ್ನು ಸೆರಗಿನಿಂದ ಒರೆಸಿ, ತೂತಿಗೆ ಬೆರಳು ಕೊಟ್ಟು ಬಣ್ಣದಲ್ಲಿ ಅದ್ದಿ ತುಂಬಿ, ಅಂಗಳದ ನುಗ್ಗೆಯ ಟೊಂಗೆಗೆ ಕೊಂಡಿಯಿಂದ ತೂಗುಹಾಕಿ ಬೆರಳು ತೆಗೆದಳು. ಕೆಂಪು ಎಳೆ ಇಳಿಯಿತು. ಅಳುತ್ತಿದ್ದವರೂ ಹತ್ತಿರ ಬಂದು ಬಾಗಿ ನೋಡಿದರು. ಖಾಜಾಸಾಬ ಗಟ್ಟಿಯಾಗಿ ಎಣಿಸತೊಡಗಿದ.

"...ಮೂವತ್ತೊಂಬತ್ತು. ನಲವತ್ತು."

ಪ್ರಭಾವತಿ ಸೌರಭ ಸಹಿಗೆಂದು ಚಾಚಿದ್ದ ಪೆನ್ನನ್ನು ಅವನ ಕಿಸೆಗೇ ಸಿಕ್ಕಿಸಿ, ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟಳು. ಜನ ಅವಳ ಹಿಂದೆ ಓಣಿಯ ತಿರುವು ದಾಟಿದರು.

ಖಾಲಿ ಅಂಗಳದಲ್ಲಿ ಸೌರಭನೊಬ್ಬನೇ ನಿಂತಿದ್ದ. ಅವನೆದುರು ಎಳೆ ಇನ್ನೂ ಇಳಿಯುತ್ತಿತ್ತು.