ತಣ್ಣನೆಯ ಗಾಳಿ ಇಳಿಯುವ ದಾರಿ

"ಒಡೆಯದೆ ಇದು ಹೊರಗೆ ಬರಲ್ಲ, ಡಾಕ್," ಎಂದ ವಾಲ್ಟ್, ಸುತ್ತಿಗೆಯನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಳ್ಳುತ್ತ.

ತಿರುಮಲೇಶ ಒಡೆ ಎಂದು ತಲೆಯಾಡಿಸಿದ. ಅಷ್ಟು ಬೇಗ ತಲೆಯಾಡಿಸಬಾರದಿತ್ತೇನೋ ಎಂದು ಆಮೇಲೆ ಅನ್ನಿಸಿತು.

ನೆಲಮಾಳಿಗೆಯ ನಡುವೆ ಐವತ್ತು ವರ್ಷದಿಂದ ಕೂತು ಮನೆಯನ್ನೆಲ್ಲ ಬೆಚ್ಚಗಿಡುತ್ತಿದ್ದ ಫರ್ನೇಸು ಅದು. ಮೊದಲು ಕಲ್ಲಿದ್ದಲು ತಿನ್ನುತ್ತಿತ್ತು, ಆಮೇಲೆ ಯಾರೋ ಅದರ ಹೊಟ್ಟೆಗೆ ಗ್ಯಾಸ್ ಜೋಡಿಸಿದ್ದರು. ತಲೆಯಿಂದ ಎಂಟು ಕಡೆಗೆ ಹಂಡೆಯಷ್ಟು ಅಗಲದ ಕೊಳವೆಗಳು ಹೊರಟು ಮೇಲಿನ ಒಂದೊಂದು ಕೋಣೆಗೆ ಏರಿದ್ದವು. ನಿನ್ನೆ ಬೆಳಿಗ್ಗೆ ಗ್ಯಾಸ್ ಕಂಪನಿಯವನು ಟಾರ್ಚು ಬಿಟ್ಟು ನೋಡಿ, ಒಳಗಿನ ಎರಕದ ಗೋಡೆ ಬಿರುಕು ಬಿಟ್ಟಿದೆ, ಹೊಗೆ ಮನೆಯೊಳಗೆ ಸೇರಬಹುದು ಎಂದು ಕೆಂಪು ಚೀಟಿ ಕಟ್ಟಿ ಗ್ಯಾಸ್ ನಿಲ್ಲಿಸಿ ಹೋಗಿದ್ದ. ಇವತ್ತು ಶನಿವಾರ. ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹೊರಗೆ ಹನ್ನೊಂದು ಡಿಗ್ರಿ, ಒಳಗೆ ನಲವತ್ತೆಂಟು. ಮನೆಯ ಯಜಮಾನ ತಿರುಮಲೇಶ ಓವರ್‌ಕೋಟು, ಮಂಕಿಕ್ಯಾಪು ಹಾಕಿಕೊಂಡು ತನ್ನ ಮನೆಯಲ್ಲೇ ಬಸ್ಸಿಗೆ ಕಾಯುವವನಂತೆ ನಿಂತಿದ್ದ.

ಡಾಕ್ ಎಂದರೆ ಡಾಕ್ಟರ್. ಹಳೆಯದನ್ನು ಕಿತ್ತು ಹೊಸದನ್ನು ಕೂರಿಸಲು ಬಂದ ವಾಲ್ಟ್, ಬಾಗಿಲ ಪಕ್ಕದ ಹೆಸರು ಓದಿ ಬೆಳಿಗ್ಗೆಯೇ ತನ್ನ ಮಂಡಿನೋವು ಹೇಳಿಕೊಂಡಿದ್ದ. ತಾನು ಆ ಡಾಕ್ಟರಲ್ಲ, ಇದೇ ಆನ್ ಆರ್ಬರಿನ ಯೂನಿವರ್ಸಿಟಿಯಲ್ಲಿ ಐದು ವರ್ಷ ಬಿಸಿಗಾಳಿಯ ಚಲನೆಯ ಮೇಲೆ ಪ್ರಬಂಧ ಬರೆದವನು, ಈಗ ಡೆಟ್ರಾಯಿಟ್‌ನಲ್ಲಿ ಕಾರಿನ ರೇಡಿಯೇಟರ್ ವಿನ್ಯಾಸ ಮಾಡುವವನು ಎಂದು ತಿರುಮಲೇಶ ಹೇಳಬಹುದಿತ್ತು. ಅದರ ಬದಲು, ಬಿಸಿನೀರಿನ ಶಾಖ ಕೊಡಿ ಎಂದುಬಿಟ್ಟ. ವಾಲ್ಟ್ ಅದನ್ನು ನಂಬಿದ.

ಮನೆ ಕೊಂಡದ್ದು ಆರು ವರ್ಷದ ಹಿಂದೆ, ಅರವತ್ತೆಂಟರಲ್ಲಿ. ಕೊಳ್ಳಲು ಮುಖ್ಯ ಕಾರಣ ಈ ಫರ್ನೇಸೇ. ಬೇರೆಯವರು ಮನೆಗೆ ಬಂದವರಿಗೆ ಹೂದೋಟ ತೋರಿಸಿದರೆ ಈ ಪುಣ್ಯಾತ್ಮ ಎಲ್ಲರನ್ನೂ ನೆಲಮಾಳಿಗೆಗೆ ಎಳೆದುಕೊಂಡು ಹೋಗುತ್ತಿದ್ದ. "ನೋಡಿ, ಮೋಟಾರಿಲ್ಲ, ಫ್ಯಾನಿಲ್ಲ, ಸದ್ದಿಲ್ಲ. ಬಿಸಿಗಾಳಿ ತಾನಾಗಿ ಮೇಲೇರತ್ತೆ, ತಣ್ಣಗಿನದು ತಾನಾಗಿ ಇಳಿಯತ್ತೆ. ಯಾರೂ ಯಾರನ್ನೂ ತಳ್ಳೋ ಹಾಗಿಲ್ಲ." ಗೆಳೆಯ ಬದರೀನಾಥ ಒಮ್ಮೆ ಪೂರ್ತಿ ಕೇಳಿಸಿಕೊಂಡು, "ಊಟಕ್ಕೆ ಏಳೋಣವಾ?" ಎಂದಿದ್ದ.

ಬೆಳಿಗ್ಗೆ ಹೆಂಡತಿ ಇಂದುಮತಿ ಮಗಳನ್ನು ಕರೆದುಕೊಂಡು ಆ ಬದರೀನಾಥನ ಮನೆಗೇ ಹೊರಟಿದ್ದಳು. ಬದರಿಯ ಹೆಂಡತಿ ವತ್ಸಲಾ ಹೊರಗೆ ಕಾರಿನಲ್ಲಿ ಹಾರನ್ ಹೊಡೆಯುತ್ತಿದ್ದಳು.

"ಮುಗಿದ ಮೇಲೆ ಫೋನ್ ಮಾಡಿ."

"ನಾಲ್ಕು ಗಂಟೆಗೆ ಮುಗಿಸ್ತಾರಂತೆ."

"ಸರಿ."

"ಇಂದು, ಸೋಮವಾರ ಟಿಕೆಟ್ ಏಜೆಂಟ್ ಫೋನ್ ಮಾಡ್ತಾನೆ. ವಾಪಸ್ ಬರೋ ತಾರೀಕು ಕೇಳ್ತಾನೆ."

"ಓಪನ್ ಇರ್ಲಿ ಅಂದಿದ್ನಲ್ಲ."

"ಓಪನ್ ಅಂದ್ರೆ ಎಷ್ಟು..."

"ಲೀನಾ, ಮಫ್ಲರ್ ಎಲ್ಲೇ?"

"ಐ ಡೋಂಟ್ ನೋ," ಎಂದಳು ಲೀನಾ. ಮಫ್ಲರು ಅವಳ ಕತ್ತಿನಲ್ಲೇ ಇತ್ತು.

ಇನ್ನು ಮೂರು ವಾರಕ್ಕೆ ತಾಯಿ ಮಗಳು ಮೈಸೂರಿಗೆ. ಮೂರು ತಿಂಗಳಿಗೆ ಎಂದು ಒಂದು ಸಲ ಹೇಳಿದ್ದಳು, ನೋಡೋಣ ಎಂದು ಇನ್ನೊಂದು ಸಲ. ಅವನಿಗೆ ಕೇಳಬೇಕಾಗಿದ್ದದ್ದು ಎರಡೇ ಮಾತು. ವಾಪಸ್ ಬರ್ತೀಯಾ? ಡೆಟ್ರಾಯಿಟ್‌ಗೆ ಹೋಗುವ ನಲವತ್ತು ಮೈಲಿಯಲ್ಲಿ ದಿನಾ ಅದನ್ನು ಗಟ್ಟಿಯಾಗಿ ಹೇಳಿ ನೋಡುತ್ತಿದ್ದ. ಕಾರಿನಲ್ಲಿ ಚೆನ್ನಾಗಿಯೇ ಬರುತ್ತಿತ್ತು. ಮನೆಗೆ ಬಂದು ಶೂ ಬಿಚ್ಚುವಷ್ಟರಲ್ಲಿ ಬಾಯಿಗೆ ಬೀಗ.

ಸುತ್ತಿಗೆ ಬಿತ್ತು. ಎರಕದ ಕಬ್ಬಿಣ ಗಡಿಗೆಯ ಹಾಗೆ ಸುಲಭವಾಗಿ ಒಡೆಯಿತು. ಅಷ್ಟು ಸುಲಭವಾಗಿ ಒಡೆದದ್ದು ಅವನಿಗೆ ಅವಮಾನವೆನಿಸಿತು.

ವಾಲ್ಟ್ ಮತ್ತು ಅವನ ಮೈದುನ ತುಂಡುಗಳನ್ನು ಹೊತ್ತು ಟ್ರಕ್ಕಿಗೆ ಹಾಕುತ್ತಿದ್ದರು. ಮೈದುನ ಮಾತಾಡುವ ಪೈಕಿಯಲ್ಲ. ಹನ್ನೊಂದು ಗಂಟೆಯ ಹೊತ್ತಿಗೆ ಮಧ್ಯದ ಗುಡಾಣ ಹೋಗಿ, ಊಟದ ಕೋಣೆಯ ನೆಲದ ದೊಡ್ಡ ಜಾಲರಿಯಿಂದ ಇಳಿದು ಬರುವ ತಗಡಿನ ದಾರಿ ಒಂದೇ ಉಳಿದಿತ್ತು. ಮನೆಯ ತಣ್ಣನೆಯ ಗಾಳಿ ಫರ್ನೇಸಿಗೆ ವಾಪಸು ಇಳಿಯುತ್ತಿದ್ದದ್ದು ಅದರಲ್ಲೇ. ವಾಲ್ಟ್ ಅದರ ಬುಡ ಕತ್ತರಿಸಿ ಎಳೆದ. ಒಳಗಿದ್ದದ್ದು ಅವನ ಬೂಟಿನ ಮೇಲೆ ಸುರಿಯಿತು.

"ಜೀಸಸ್," ಎಂದ ವಾಲ್ಟ್. "ಡಾಕ್, ಬಾ ಇಲ್ಲಿ."

ಮೊದಲು ಕಂಡದ್ದು ಹೂವು. ಒಣಗಿ ಕಂದಿದ ಹೂವು, ಮೊರಗಟ್ಟಲೆ. ಅದರೊಳಗೆ ಹಳದಿ ಅಕ್ಷತೆ, ಊದುಬತ್ತಿಯ ಕಡ್ಡಿ, ಕರಕಲು ಹೂಬತ್ತಿ. ಹೂವಿನ ಮಧ್ಯೆ ಮಧ್ಯೆ ನಾಲ್ಕಾಗಿ ಮಡಿಸಿದ ಕಾಗದಗಳು. ಒಂದಲ್ಲ, ಎರಡಲ್ಲ, ರಾಶಿ.

"ಗೋಲಿ ಸಿಕ್ಕಿದೆ, ಮದುವೆ ಉಂಗುರ ಸಿಕ್ಕಿದೆ, ಸತ್ತ ಗಿಣಿ ಸಿಕ್ಕಿದೆ," ಎಂದ ವಾಲ್ಟ್. "ಫರ್ನೇಸಿಗೆ ಯಾರಾದ್ರೂ ಪತ್ರ ಹಾಕಿದ್ದು ಇದೇ ಮೊದಲು."

ತಿರುಮಲೇಶನಿಗೆ ಅರ್ಥವಾಗಲು ಒಂದು ಗಳಿಗೆ ಸಾಕಾಯಿತು. ದೇವರಿಗೆ ಮುಡಿಸಿ ತೆಗೆದ ಹೂವು ತುಳಿಯುವ ಕಡೆ ಬೀಳಬಾರದು. ಊರಲ್ಲಾದರೆ ಗಿಡದ ಬುಡಕ್ಕೆ, ಇಲ್ಲ ಬಾವಿಗೆ. ಇಲ್ಲಿ ಐದು ತಿಂಗಳು ಹಿಮದಲ್ಲಿ ಗಿಡದ ಬುಡವೇ ಕಾಣುವುದಿಲ್ಲ. ಕಸದ ಡಬ್ಬದಲ್ಲಿ ಪಕ್ಕದ ಮನೆಯವರ ಎಲುಬು. ಮೊದಲ ಚಳಿಗಾಲ ಇಂದುಮತಿ ಊಟದ ಕೋಣೆಯ ಜಾಲರಿ ತೋರಿಸಿ, "ಇದು ಎಲ್ಲಿಗೆ ಹೋಗತ್ತೇರಿ?" ಎಂದು ಕೇಳಿದ್ದಳು. ಅವನು ಪೇಪರಿನಿಂದ ತಲೆ ಎತ್ತದೆ, "ಕೆಳಗೆ ಬೆಂಕಿಗೆ" ಎಂದಿದ್ದ.

ಬೆಂಕಿಗೆ! ಬೆಂಕಿ ಬೇರೆ, ಗಾಳಿ ಬೇರೆ. ನಡುವೆ ಎರಕದ ಗೋಡೆ ಇರುತ್ತದೆ, ಅದು ಇದನ್ನು ಮುಟ್ಟುವುದೇ ಇಲ್ಲ. ಮೊದಲ ವರ್ಷದ ಹುಡುಗರಿಗೆ ಹೇಳಿಕೊಟ್ಟ ಪಾಠ. ಮನೆಯಲ್ಲಿ ಮಾತ್ರ ಅಷ್ಟು ಉದ್ದ ಹೇಳಲು ಪುರುಸೊತ್ತಾಗಿರಲಿಲ್ಲ. ಅವಳು ಅಗ್ನಿಗೆ ಒಪ್ಪಿಸಿದೆ ಎಂದು ಆರು ವರ್ಷ ನಂಬಿಕೊಂಡು ಬಂದದ್ದೆಲ್ಲ ಒಂದೂ ಸುಡದೆ, ಬೆಚ್ಚಗೆ, ಗರಿಗರಿಯಾಗಿ ಇಲ್ಲಿ ಬಿದ್ದಿತ್ತು. ಅಕ್ಷರವಿರುವ ಕಾಗದವನ್ನೂ ಕಾಲಿಗೆ ಸಿಗುವ ಹಾಗೆ ಎಸೆಯಬಾರದು. ಅದಕ್ಕೇ ಅದೂ ಅಗ್ನಿಗೆ.

ವಾಲ್ಟನ ಬೂಟು ಹೂವಿನ ಮೇಲಿತ್ತು. ತೆಗಿ ಎನ್ನಬೇಕು ಅನ್ನಿಸಿತು. ಏನೆಂದು ಹೇಳಿ ತೆಗೆಸುವುದು?

ಮೇಲಿನ ಕಾಗದಗಳು ಹೊಸವಿರಬೇಕು. ಈ ತಿಂಗಳವು, ಬಹುಶಃ ಈ ವಾರದವು. ಕೇಳಲಾಗದ ಪ್ರಶ್ನೆಗೆ ಉತ್ತರ ಕೈಗೆಟುಕುವಷ್ಟರಲ್ಲಿತ್ತು. ಅವನ ಕೈ ಮಾತ್ರ ತಳಕ್ಕೆ ಹೋಗಿ ಹಳೆಯದೊಂದನ್ನು ಎಳೆಯಿತು.

'ಪದ್ಮಕ್ಕನಿಗೆ,' ಎಂದಿತ್ತು. ಮೈಸೂರಿನಲ್ಲಿರುವ ಅವಳ ಅಕ್ಕ. ಆ ಅಕ್ಕನಿಗೆ ತಿಂಗಳಿಗೊಂದು ನೀಲಿ ಕಾಗದ ಅವನೇ ಪೋಸ್ಟ್ ಮಾಡುತ್ತಿದ್ದ. ಎಲ್ಲರೂ ಕ್ಷೇಮ, ಲೀನಾ ಎತ್ತರವಾಗಿದ್ದಾಳೆ, ಹಿಮ ಬಹಳ. ಇದು ಹಾಗಿರಲಿಲ್ಲ.

'ಇವರು ಒಳ್ಳೆಯವರೇ. ಹೀಗೆ ಬರೆದೂ ಬರೆದೂ ಕೈ ಸೋತಿದೆ. ಬೈಯುವುದಿಲ್ಲ, ಹೊಡೆಯುವುದಿಲ್ಲ. ನಾನು ಏನಾದರೂ ಹೇಳಿಕೊಂಡರೆ ಅದರ ಕಾರಣ ಹೇಳುತ್ತಾರೆ. ಮೊನ್ನೆ ಅಳು ಬಂತು ಎಂದೆ. ಬಿಸಿಲು ಕಮ್ಮಿಯಲ್ಲವೇ, ಅದಕ್ಕೆ, ವಿಟಮಿನ್ ತಗೋ ಎಂದರು. ಅಕ್ಕಾ, ಮನೆಯಲ್ಲಿ ಒಬ್ಬರು ಇದ್ದಾರೆ ಅನ್ನಿಸುವುದಕ್ಕೆ ಏನು ಮಾಡಬೇಕು? ರಾತ್ರಿ ಈ ಮನೆ ಕೂಡ ಉಸಿರಾಡುತ್ತದೆ. ಇವರು...'

ಮಡಿಸಿದ. ಕಾಗದದ ಮಡಿಕೆ ಮೊದಲಿನ ಗೆರೆಯಲ್ಲೇ ಕೂತಿತು. ಹೊಟ್ಟೆಯಲ್ಲಿ ಏನೋ ಸಂಕಟ. ಅದರ ಕಾರಣವನ್ನು ಅವನ ಬುದ್ಧಿ ಆಗಲೇ ಹುಡುಕತೊಡಗಿತ್ತು: ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ತನ್ನ ಮೇಲೇ ಅವನಿಗೆ ಹೇಸಿಗೆಯಾಯಿತು.

"ಇಟ್ಕೋತೀಯಾ, ತಗೊಂಡು ಹೋಗ್ಲಾ?" ಎಂದು ಕೇಳಿದ ವಾಲ್ಟ್, ಸಲಿಕೆ ಹಿಡಿದು.

ಇಟ್ಟುಕೊಂಡರೆ ಓದಬೇಕು. ಓದಿದರೆ ಓದಿದೆನೆಂದು ಹೇಳಬೇಕು. ಹೇಳಿದ ಮೇಲೆ ಅವಳು ಸುಮ್ಮನಿರುವುದಿಲ್ಲ, ತಾನೂ ಸುಮ್ಮನಿರುವ ಹಾಗಿಲ್ಲ. ಅಷ್ಟೂ ದೂರ ಒಂದೇ ಗಳಿಗೆಯಲ್ಲಿ ಕಣ್ಣಿಗೆ ಬಿತ್ತು.

"ತಗೊಂಡು ಹೋಗು," ಎಂದ.

"ಇದು ಯಾವ ಭಾಷೆ?"

"ನನಗೆ ಗೊತ್ತಿಲ್ಲ. ಮೊದಲು ಇದ್ದವರದ್ದಿರಬೇಕು."

ಸುಳ್ಳು ಎಷ್ಟು ಸರಾಗವಾಗಿ ಬಂತು! ವಾಲ್ಟ್ ಹೂವನ್ನೂ ಕಾಗದವನ್ನೂ ಮಸಿಯನ್ನೂ ಒಟ್ಟಿಗೆ ಬಾಚಿ ಡ್ರಮ್ಮಿಗೆ ತುಂಬಿದ. ಮೈದುನ ಅದನ್ನು ತುಳಿದು ಒತ್ತಿ ಜಾಗ ಮಾಡಿದ. ಡ್ರಮ್ಮು ಮೆಟ್ಟಿಲು ಹತ್ತುವಾಗ ಹಿಂದೆಯೇ ನಾಲ್ಕು ಮೆಟ್ಟಿಲು ಹತ್ತಿದ ತಿರುಮಲೇಶ, ನಿಂತು, ಬಾಗಿಲು ಹಾಕಿಕೊಳ್ಳಿ ಚಳಿ ಎಂದು ಕೂಗಿದ.

ಹೊಸ ಫರ್ನೇಸು ಒಂದು ಬೀರುವಿನಷ್ಟಿತ್ತು. ಮೂಲೆಯಲ್ಲಿ ಇಟ್ಟರು. ನೆಲದ ಜಾಲರಿಯ ಜಾಗಕ್ಕೆ ಹಲಗೆ ಬಡಿದರು. ಊಟದ ಕೋಣೆಯ ಗೋಡೆಯಲ್ಲಿ, ಸೊಂಟದೆತ್ತರಕ್ಕೆ, ಸಣ್ಣ ಸೀಳುಗಳ ಹೊಸ ಜಾಲರಿ ಕೂರಿಸಿದರು. ತಣ್ಣನೆಯ ಗಾಳಿ ಇನ್ನು ಮೇಲೆ ಇದರೊಳಗೆ ಹೋಗಬೇಕು. ಹೋಗುವುದೇನು, ಫ್ಯಾನು ಕಟ್ಟಿ ಎಳೆಯುತ್ತದೆ. ಗುಂಡಿ ಒತ್ತಿದಾಗ ನೆಲದಡಿಯಿಂದ ಗುಂಯ್ ಎಂಬ ಸದ್ದು ಎದ್ದು ಮನೆಯೆಲ್ಲ ಹಬ್ಬಿತು.

"ಥರ್ಮೋಸ್ಟಾಟು ಅರವತ್ತೆಂಟು ಡಿಗ್ರಿಗೆ ಇಟ್ಟಿದೀನಿ. ಪೆಟ್ರೋಲು, ಎಣ್ಣೆಗೆ ಕಷ್ಟದ ಕಾಲ ನೋಡು, ಸರ್ಕಾರ ಹೇಳಿದ್ದು ಅಷ್ಟೇ. ಅಷ್ಟು ಮುಟ್ಟಿದ ತಕ್ಷಣ ತಾನಾಗಿ ನಿಲ್ಲುತ್ತೆ," ಎಂದು ಹೇಳಿ, ಮಂಡಿ ಉಜ್ಜಿಕೊಂಡು, ವಾಲ್ಟ್ ಹೊರಟ. ಟ್ರಕ್ಕು ತಿರುವಿನಲ್ಲಿ ಮರೆಯಾದ ಮೇಲೆ ತಿರುಮಲೇಶ ಓಡಿ ಬಾಗಿಲಿಗೆ ಬಂದ. ಬೀದಿ ಖಾಲಿಯಿತ್ತು. ಎಂಥ ಕೆಲಸ ಮಾಡಿದೆ, ಥೂ, ಎಂದು ಗಟ್ಟಿಯಾಗಿಯೇ ಅಂದುಕೊಂಡ.

ಐದಕ್ಕೆ ಇಂದುಮತಿ ಬಂದಳು. ಲೀನಾ ಕೋಟು ಬಿಚ್ಚದೆ ಟೀವಿಯ ಮುಂದೆ ಕೂತಳು. ಇಂದುಮತಿ ಊಟದ ಕೋಣೆಯಲ್ಲಿ ನೆಲಕ್ಕೆ ಬಡಿದ ಹಲಗೆಯನ್ನು ನೋಡುತ್ತ ನಿಂತಳು.

"ಎಲ್ಲಾ ತೆಗೆದ್ರಾ?"

"ಎಲ್ಲಾ."

"ಒಳಗೆ ಏನಿತ್ತು?"

"ಏನಿರತ್ತೆ? ಮಸಿ."

"ಮಸಿ ಅಷ್ಟೇನಾ?"

"ಅಷ್ಟೇ. ಬೆಂಕಿ ಅಲ್ವಾ."

ಅವಳು ಉಸಿರು ಬಿಟ್ಟಳು. ಅದು ಸಮಾಧಾನದ ಉಸಿರೋ, ಅಥವಾ ಸಿಕ್ಕಿದ್ದರೆ ಚೆನ್ನಾಗಿತ್ತು ಎಂಬ ಉಸಿರೋ, ಅವನಿಗೆ ತಿಳಿಯಲಿಲ್ಲ. ಆರು ವರ್ಷ ಅವಳು ಅವನ ಕಾಲಡಿಯಲ್ಲೇ ಬರೆದು ಹಾಕಿದ್ದು ಸುಡಲೆಂದೋ, ಸಿಗಲೆಂದೋ?

"ಈಗ ತಣ್ಣಗಿನ ಗಾಳಿ ಎಲ್ಲಿ ಹೋಗತ್ತೆ?"

"ಅಲ್ಲಿ. ಗೋಡೇಲಿ."

"ಬೆಂಕಿಗೇನಾ?"

ಈಗಲಾದರೂ ಸರಿಯಾಗಿ ಹೇಳಬಹುದಿತ್ತು.

"ಹೂಂ," ಎಂದ, ಕಾಫಿಗೆ ನೀರಿಡಲು ಅಡಿಗೆಮನೆಗೆ ಹೋದ.

ವಾಪಸು ಬಂದಾಗ ಅವಳು ಗೋಡೆಯ ಕಡೆ ತಿರುಗಿದ್ದಳು. ಕೈಯಲ್ಲಿ ಮಡಿಸಿದ ಒಂದು ಹಾಳೆ. ವತ್ಸಲಾಳ ಮನೆಯಲ್ಲಿ ಕೂತು ಬರೆದಿರಬೇಕು. ಅದನ್ನು ಸೀಳಿನೊಳಗೆ ತೂರಿಸಲು ನೋಡುತ್ತಿದ್ದಳು. ಸೀಳು ಕಿರಿದು, ಕಾಗದ ದಪ್ಪ. ಮಡಿಕೆ ಬಿಚ್ಚಿ ತೆಳ್ಳಗೆ ಮಾಡಿ ತೂರಿಸಹೋದಳು. ಗಾಳಿ ಹಾಳೆಯನ್ನು ಅವಳ ಕೈಯಿಂದ ಕಿತ್ತುಕೊಂಡು ಜಾಲರಿಗೆ ಚಪ್ಪಟೆಯಾಗಿ ಅಂಟಿಸಿತು. ಬರೆದ ಮಗ್ಗುಲು ಹೊರಗೆ.

ಅವಳು ತಿರುಗಿದಳು. ಅವನನ್ನು ಕಂಡಳು.

ಬಾಗಿಲಿನಿಂದ ಅವನಿಗೆ 'ಪದ್ಮಕ್ಕನಿಗೆ' ಎಂಬುದೊಂದು ಕಾಣಿಸುತ್ತಿತ್ತು. ಉಳಿದ ಸಾಲು ಓದಲು ಎರಡು ಹೆಜ್ಜೆ ಸಾಕು. ಕಿತ್ತುಕೊಳ್ಳಲು ಅವಳಿಗೆ ಕೈ ಚಾಚಿದರೆ ಸಾಕು. ಅವಳು ಚಾಚಲಿಲ್ಲ. ಕುರ್ಚಿ ಎಳೆದು ಕೂತು, ಓದುವುದಾದರೆ ಓದಿ ಎನ್ನುವವಳಂತೆ, ಅಥವಾ ಓದಿಬಿಟ್ಟೀರಾ ಎಂದು ಹೆದರಿದವಳಂತೆ, ಅವನ ಮುಖವನ್ನೇ ನೋಡಿದಳು.

"ಮಮ್ಮಿ, ಯುವರ್ ಪೇಪರ್ ಈಸ್ ಸ್ಟಕ್!" ಎಂದಳು ಲೀನಾ ಟೀವಿಯ ಕಡೆಯಿಂದ. "ಶಲ್ ಐ ಗೆಟ್ ಇಟ್?"

"ಬೇಡ," ಎಂದರು ಇಬ್ಬರೂ ಒಟ್ಟಿಗೆ.

ವಾಪಸ್ ಬರ್ತೀಯಾ? ನಾಲಿಗೆಯ ತುದಿಗೇ ಬಂದಿತ್ತು. ಅವನ ಭುಜದ ಪಕ್ಕದಲ್ಲಿ, ಗೋಡೆಯ ಮೇಲಿನ ಥರ್ಮೋಸ್ಟಾಟಿನ ಮುಳ್ಳು ಅರವತ್ತೇಳು ದಾಟಿತ್ತು. ಇನ್ನೊಂದು ಡಿಗ್ರಿಗೆ ಫ್ಯಾನು ನಿಲ್ಲುತ್ತದೆ. ನಿಂತರೆ ಹಾಳೆ ನೆಲಕ್ಕೆ ಬೀಳುತ್ತದೆ. ಬಿದ್ದರೆ ಯಾರಾದರೊಬ್ಬರು ಎತ್ತಲೇಬೇಕು.

ಅವನು ಕೈ ಎತ್ತಿ ಎಪ್ಪತ್ತೆರಡಕ್ಕೆ ತಿರುಗಿಸಿದ.

ಅವಳು ಕೋಟು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. ಕಾಫಿಯ ನೀರು ಕುದಿದು ಕುದಿದು ಹಿಂಗಿ ಪಾತ್ರೆ ಸೀದ ವಾಸನೆ ಬಂತು. ಯಾರೂ ಏಳಲಿಲ್ಲ. "ಇಟ್ಸ್ ಹಾಟ್," ಎಂದು ಲೀನಾ ರಾಗ ಎಳೆದಳು. ಅವಳ ಅಮ್ಮನ ಹಣೆಯ ಕುಂಕುಮ ಬೆವರಿಗೆ ಮೂಗಿನ ಕಡೆ ಇಳಿಯತೊಡಗಿತ್ತು. ಕಾಗದ ಜಾಲರಿಯ ಮೇಲೆ ಅಂಚುಗಳನ್ನಷ್ಟೇ ಪಟಪಟ ಆಡಿಸುತ್ತ ಅಂಟಿಕೊಂಡಿತ್ತು. ಮುಳ್ಳು ಎಪ್ಪತ್ತೆರಡರ ಹತ್ತಿರ ಬಂದದ್ದು ನೋಡಿ ತಿರುಮಲೇಶ, ಮಂಕಿಕ್ಯಾಪಿನೊಳಗಿಂದ ಕುತ್ತಿಗೆಯವರೆಗೆ ಬೆವರು ಹರಿಯುತ್ತಿದ್ದರೂ, ಮತ್ತೆ ಕೈ ಎತ್ತಿ ಎಂಬತ್ತಕ್ಕೆ ತಿರುಗಿಸಿದ.