ಭಾವನವರೂ ಹೊಸ ಕಾರಿನ ಹೊಳಪೂ

ನಮ್ಮ ಭಾವನವರು ಯಾವ ಸೀಸೆಯನ್ನೂ ಅದರ ಚೀಟಿಯನ್ನು ಮೂರು ಸಲ ಓದದೆ ಕೈಬಿಟ್ಟವರಲ್ಲ. ಕಪಾಟಿನಿಂದ ತೆಗೆಯುವಾಗ ಒಮ್ಮೆ, ಬಗ್ಗಿಸುವಾಗ ಇನ್ನೊಮ್ಮೆ, ಮರಳಿ ಇಡುವಾಗ ಮತ್ತೊಮ್ಮೆ. ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಮೂವತ್ತೆಂಟು ವರ್ಷ ಕಾಂಪೌಂಡರಾಗಿ ನಿಂತು ಗಳಿಸಿದ ಅಭ್ಯಾಸ ಅದು. ನಿವೃತ್ತಿಯಾದ ಮೇಲೆ ಕಿಟಕಿ ಹೋಯಿತು, ಅಭ್ಯಾಸ ಉಳಿಯಿತು. ಅಡುಗೆಮನೆಯ ಉಪ್ಪಿನ ಡಬ್ಬಿಯ ಮೇಲೆ ಏನೂ ಬರೆದಿಲ್ಲವಾದ್ದರಿಂದ ಅದನ್ನು ಇನ್ನಷ್ಟು ಸಂಶಯದಿಂದ, ಮೂರು ಕೋನಗಳಿಂದ ನೋಡುತ್ತಾರೆ. ಹಾಗೆ ನೋಡುವಾಗಲೆಲ್ಲ ನನ್ನ ಅಕ್ಕ, ಅಂದರೆ ಅವರ ಧರ್ಮಪತ್ನಿ, ಒಲೆಯ ಕಡೆಯಿಂದ ತಿರುಗದೆಯೇ ಹೇಳುತ್ತಾಳೆ: "ಅದು ಉಪ್ಪೇ ರೀ. ನಾನು ಈ ಮನೆಗೆ ಬಂದಾಗಿನಿಂದ ಉಪ್ಪಾಗೇ ಇದೆ."

ಅವರ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದು. ಎಡಗೈ ಎಲ್ಲರಂತೆ ಬೀಸುತ್ತದೆ; ಬಲಗೈ ಮಾತ್ರ ಮೊಣಕೈಯಲ್ಲಿ ಬಾಗಿ ಎದೆಯ ಮಟ್ಟದಲ್ಲಿ ಬೀಸದೆ ನಿಂತಿರುತ್ತದೆ, ತುಂಬಿದ ಅಳತೆಯ ಲೋಟವೊಂದನ್ನು ಕಾಣದಂತೆ ಹಿಡಿದುಕೊಂಡಿರುವ ಹಾಗೆ. ಮನೆಯಲ್ಲಿ ಯಾವ ಕೆಲಸಕ್ಕೆ ಇಳಿದರೂ, ನಲ್ಲಿಯ ವಾಷರ್ ಬದಲಿಸುವುದಿರಲಿ ಪುಸ್ತಕಕ್ಕೆ ರಟ್ಟು ಹಾಕುವುದಿರಲಿ, ಒಗೆದು ಒಗೆದು ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ ತಮ್ಮ ಹಳೆಯ ಬಿಳಿ ಕೋಟನ್ನು ತೊಟ್ಟೇ ತೊಡುತ್ತಾರೆ. ಅದರ ಜೇಬಿನಲ್ಲಿ ಒಂದು ಭೂತಕನ್ನಡಿ ಇರುತ್ತದೆ. ಏನನ್ನು ಕೊಟ್ಟರೂ ಅವರು ಕೇಳುವ ಮೊದಲ ಪ್ರಶ್ನೆ, "ಪ್ರಮಾಣ ಎಷ್ಟು?" ಚಹಾ ಬೇಕೇ ಎಂದರೂ ಅದೇ ಪ್ರಶ್ನೆ.

ಇಂಥ ಮನುಷ್ಯ ಜೀವಮಾನದಲ್ಲಿ ಒಮ್ಮೆ ಮಾತ್ರ ದಿಕ್ಕುತಪ್ಪಿದ್ದನ್ನು ನಾನು ಕಂಡೆ. ಅದು ಅವರ ಮಗಳ ಹೊಸ ಕಾರಿನ ದೆಸೆಯಿಂದ.

ಮಗಳು ಮೂಳೆ ಮುರಿದವರ, ಪಾರ್ಶ್ವವಾಯು ಬಡಿದವರ ಮನೆಮನೆಗೆ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸುವವಳು. ಆರು ವರ್ಷ ಸ್ಕೂಟರಿನ ಮೇಲೆ ಬಿಸಿಲು ತಿಂದು, ಯಾರ ಕೈಯನ್ನೂ ಕಾಯದೆ, ತನ್ನ ದುಡಿಮೆಯಿಂದಲೇ ಕಾರು ಕೊಂಡಳು. ಬಣ್ಣ ಕಪ್ಪಿಗೆ ಸಮೀಪವಾದ ನೀಲಿ. ಅದರಲ್ಲಿ ಮುಖ ನೋಡಿ ತಲೆ ಬಾಚಬಹುದಿತ್ತು. ಕಾರು ಬಂದ ಎಂಟನೆಯ ದಿನಕ್ಕೆ ಅವಳು ಹನ್ನೆರಡು ದಿನಗಳ ತರಬೇತಿಗೆಂದು ಹೊರಡಬೇಕಾಯಿತು. ಹೊರಡುವಾಗ ತಂದೆಗೆ ಹೇಳಿದ್ದು ಒಂದೇ ಮಾತು: "ಅಪ್ಪಾ, ಕವರ್ ಹಾಕಿದೀನಿ. ಹಾಗೇ ಇರ್ಲಿ. ನೀನು ಏನೂ ಮಾಡಬೇಡ."

ಮೂರನೆಯ ದಿನ ಬೆಳಗ್ಗೆ ಭಾವನವರು ಹೊದಿಕೆಯ ಒಂದು ತುದಿಯನ್ನು ಎತ್ತಿ ನೋಡಿದರು. ಎದುರುಮನೆಯವರು ಮಹಡಿ ಕಟ್ಟಿಸುತ್ತಿದ್ದರು. ಸಿಮೆಂಟಿನ ಪುಡಿ ಹೊದಿಕೆಯ ಕೆಳಗೂ ನುಸುಳಿ ಬಾನೆಟ್ಟಿನ ಮೇಲೆ ಬೂದಿಯಂತೆ ಕುಳಿತಿತ್ತು. ಧೂಳು ಕಂಡ ಮೇಲೆ ಅವರು ಸುಮ್ಮನಿರುವುದುಂಟೇ? ಕೋಟು ಬಂತು, ಬಟ್ಟೆ ಬಂತು. ಔಷಧಿ ಕೋಣೆಯಲ್ಲಿ ಅವರೇ ಮಾಡಿದ ನಿಯಮವೊಂದಿತ್ತು: ಸೀಸೆಯನ್ನು ಒರೆಸುವಾಗ ಮೊದಲು ಒಣಬಟ್ಟೆ, ತೀರ ಬೇಕಾದರೆ ಆಮೇಲೆ ಒದ್ದೆ. ನೀರು ತಾಗಿದರೆ ಚೀಟಿ ಬಿಟ್ಟುಹೋಗುತ್ತದೆ, ಚೀಟಿಯಿಲ್ಲದ ಸೀಸೆ ವಿಷಕ್ಕಿಂತ ಕೆಟ್ಟದ್ದು. ಕೈಕೆಳಗಿನವರಿಗೆಲ್ಲ ಗಿಳಿಪಾಠದಂತೆ ಹೇಳಿಕೊಟ್ಟಿದ್ದ ಆ ನಿಯಮದ ಪ್ರಕಾರವೇ ಅವರು ಬಾನೆಟ್ಟನ್ನು ಒಣಬಟ್ಟೆಯಿಂದ, ಒತ್ತಿ ಒತ್ತಿ, ವರ್ತುಲಾಕಾರವಾಗಿ, ಇಪ್ಪತ್ತು ನಿಮಿಷ ಒರೆಸಿದರು. ಅಷ್ಟರಲ್ಲಿ ಸೂರ್ಯ ಮಹಡಿಯ ಮರೆಯಿಂದ ಮೇಲೆ ಬಂದ. ಬಾನೆಟ್ಟಿನ ತುಂಬ ಜೇಡ ಬಲೆ ನೇಯ್ದಂತೆ ಸಣ್ಣ ಸಣ್ಣ ಗೀರುಗಳು, ಸುತ್ತುಸುತ್ತಾಗಿ, ಬೆಳಕಿನ ಕೆಳಗೆ ಮಿನುಗಿದವು.

"ಮೇಷ್ಟ್ರೇ, ತಕ್ಷಣ ಬನ್ನಿ," ಎಂದು ಕನ್ನಡ ಮೇಷ್ಟರಾದ ನನಗೆ ಫೋನು ಮಾಡಿದರು. "ಯಾರಿಗಾದ್ರೂ ಹುಷಾರಿಲ್ವಾ?" ಎಂದೆ. "ಕಾರಿಗೆ," ಎಂದರು.

ಮಗಳು ಬರಲು ಇನ್ನು ಒಂಬತ್ತು ದಿನ. ಅಷ್ಟರೊಳಗೆ ಕಾರನ್ನು ಅವಳು ಬಿಟ್ಟುಹೋದಂತೆ ಮಾಡಿಡಬೇಕು. ಇದು ಅವರ ಸಂಕಲ್ಪ. ಸಂಕಲ್ಪ ಸ್ಪಷ್ಟವಾಗಿತ್ತು. ಸ್ಪಷ್ಟವಾಗಿದ್ದದ್ದು ಅದೊಂದೇ.

ಕಾರಿನ ಸಾಮಾನುಗಳ ಅಂಗಡಿಗೆ ಇಬ್ಬರೂ ಹೋದೆವು. ಗೋಡೆಯುದ್ದಕ್ಕೂ ಸೀಸೆಗಳು: ಪಾಲಿಶ್, ವ್ಯಾಕ್ಸ್, ಕಾಂಪೌಂಡ್, ಕೋಟಿಂಗ್, ಜೊತೆಗೆ ಮಕ್ಕಳು ಆಡುವ ಜೇಡಿಮಣ್ಣಿನಂಥ ಒಂದು ಮುದ್ದೆ. ಭಾವನವರ ಮುಖ ಅರಳಿತು. ಎಷ್ಟಾದರೂ ಸೀಸೆಗಳ ನಡುವೆ ಬಾಳಿದವರು. ಭೂತಕನ್ನಡಿ ತೆಗೆದು ಮೊದಲನೆಯದನ್ನು ಓದಿದರು. ಅಂಗಡಿಯವನ ಮಾತು ಅರಳು ಹುರಿದಂತೆ.

"ಹೊಸ ಗಾಡಿನಾ ಸಾರ್? ಕಣ್ಣು ಮುಚ್ಕೊಂಡು ಇದನ್ನ ತಗೊಳ್ಳಿ. ನೊಣ ಕೂತ್ರೂ ಜಾರಿ ಬೀಳತ್ತೆ."

"ಹೊಸ ಗಾಡಿಗೆ ಪಾಲಿಶ್ ಬೇಡ ಅಂತ ಈ ಇನ್ನೊಂದರ ಮೇಲೆ ಬರ್ದಿದೆಯಲ್ಲ?"

"ಅದು ಆ ಕಂಪನಿ ಮಾತು ಸಾರ್. ಇದು ಈ ಕಂಪನಿ."

"ಇದರೊಳಗೆ ಏನಿದೆ?"

"ಹೊಳಪಿದೆ ಸಾರ್."

"ಪ್ರಮಾಣ ಎಷ್ಟು?"

"ನಿಮ್ಮ ಮನಸ್ಸಿಗೆ ಬಂದಷ್ಟು."

ಭಾವನವರು ಸೀಸೆಯನ್ನು ಕೆಳಗಿಟ್ಟರು. ಮನಸ್ಸಿಗೆ ಬಂದಷ್ಟು! ಆ ಮಾತನ್ನು ಔಷಧಿಯ ಕಿಟಕಿಯಲ್ಲಿ ಆಡಿದ್ದರೆ ಊರಿನಲ್ಲಿ ಎಷ್ಟು ಜನ ಉಳಿದಿರುತ್ತಿದ್ದರು? ಆದರೂ ಬಿಡಲಿಲ್ಲ. ಪಾಲಿಶ್ ಉಜ್ಜುವ ಯಂತ್ರಗಳನ್ನು ತೋರಿಸಲು ಹೇಳಿದರು. ಅವೂ ಎರಡು ಬಗೆ. ಒಂದು ಬರಿದೆ ಸುತ್ತುತ್ತದೆ, ಇನ್ನೊಂದು ಸುತ್ತುತ್ತ ಓಲಾಡುತ್ತದೆ.

"ಯಾವುದು ಅಪಾಯ ಇಲ್ಲದ್ದು?"

"ಓಲಾಡೋದು ವಾಸಿ ಸಾರ್. ಆದ್ರೆ ಯಾವುದಾದ್ರೂ ಕೈ ಅಲುಗದೆ ನಿಲ್ಲಬೇಕು ಅಷ್ಟೇ."

ಭಾವನವರು ತಮ್ಮ ಬಲಗೈಯನ್ನು ಒಮ್ಮೆ ನೋಡಿಕೊಂಡು ಕೋಟಿನ ಜೇಬಿಗೆ ಇಳಿಸಿದರು. ಎರಡು ವರ್ಷದಿಂದ ಆ ಕೈ ಸಣ್ಣಗೆ ನಡುಗುತ್ತಿದೆ. ಒಂದು ಕಾಲಕ್ಕೆ ಔಷಧಿಯ ಹನಿಗಳನ್ನು ಎಣಿಸಿ ಹಾಕಿದ ಕೈ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಯಂತ್ರ ಬೇಡವೆಂದರು. ಉಳಿದ ಎಲ್ಲವನ್ನೂ, ಯಾವುದು ಬೇಕೆಂದು ತಿಳಿಯದ್ದರಿಂದಲೇ, ಒಂದೊಂದು ಕೊಂಡರು.

ಊಟದ ಮೇಜು ಔಷಧಿ ಕೋಣೆಯಾಯಿತು. ಐದು ಸೀಸೆ, ನಾಲ್ಕು ಬಗೆಯ ಬಟ್ಟೆ, ಕಿತ್ತಳೆ, ಕಪ್ಪು, ಹಳದಿ ಬಣ್ಣದ ಸ್ಪಂಜಿನ ಬಿಲ್ಲೆಗಳು. ಹಳದಿ ಗಡುಸೆಂದು ಒಂದು ಕಂಪನಿ, ಹಳದಿಯೇ ಮೃದುವೆಂದು ಇನ್ನೊಂದು. ಪ್ರತಿಯೊಂದು ಸೀಸೆಯೂ "ಮೊದಲು ಕಣ್ಣಿಗೆ ಬೀಳದ ಜಾಗದಲ್ಲಿ ಪರೀಕ್ಷಿಸಿ" ಎನ್ನುತ್ತಿತ್ತು. ಅಂಥ ಜಾಗಕ್ಕಾಗಿ ಭಾವನವರು ಕಾರಿನ ಸುತ್ತ ಎರಡು ದಿನ ಹುಡುಕಿದರು. "ಯಾವ ಜಾಗ ನೋಡಿದ್ರೂ ಕಣ್ಣಿಗೆ ಬೀಳ್ತಾ ಇದೆಯಲ್ಲ ಮೇಷ್ಟ್ರೇ," ಎಂದು ನನ್ನನ್ನೇ ಕೇಳಿದರು. ವ್ಯಾಕರಣದಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಅಕ್ಕ ತಟ್ಟೆಗಳನ್ನು ಹಿಡಿದುಕೊಂಡು ಜಾಗಕ್ಕಾಗಿ ನಿಂತಿದ್ದಳು. "ಎಷ್ಟೋ ಜನರ ಕಾಯಿಲೆ ವಾಸಿ ಮಾಡಿದ ಮಹಾಶಯರು. ಒಂದು ತಗಡಿನ ಮುಂದೆ ಮಂಡಿಯೂರಿದಾರೆ. ಮೇಜಿನ ಮೇಲೆ ಊಟ ಯಾವಾಗ ಸಿಗತ್ತೆ ಅಂತ ಆ ಸೀಸೆ ಮೇಲೆ ಬರ್ದಿದೆಯಾ ನೋಡಿ."

ಆರನೆಯ ದಿನ, ಎರಡು ಬೀದಿಯಾಚೆ ವಾಹನಗಳಿಗೆ ಬಣ್ಣ ಬಳಿಯುವ ಮುದುಕನೊಬ್ಬನನ್ನು ಭಾವನವರು ಅಂಗಲಾಚಿ ಕರೆತಂದರು. ಅವನ ಉಗುರುಗಳಲ್ಲಿ ಏಳೂ ಬಣ್ಣಗಳಿದ್ದವು. ಅವನು ಬಾನೆಟ್ಟಿನ ಮೇಲೆ ಬಾಗಿ, ಕೆನ್ನೆ ತಾಗುವಷ್ಟು ಹತ್ತಿರದಿಂದ ಓರೆಗಣ್ಣಿನಲ್ಲಿ ನೋಡಿದ. ಬಾಯಿಯಿಂದ ಉಸಿರು ಬಿಟ್ಟ. ಗೀರಿಗೆ ಅಡ್ಡಲಾಗಿ ಉಗುರು ಎಳೆದ.

"ಉಗುರು ಸಿಕ್ಕಿಕೊಳ್ತಾ ಇಲ್ಲ. ಮೇಲಷ್ಟೇ ಆಗಿದೆ. ಪಾಲಿಶ್ ಮಾಡಿದ್ರೆ ಹೋಗತ್ತೆ."

"ಎಷ್ಟು ಹಚ್ಚಬೇಕು?"

ಮುದುಕ ನಕ್ಕ. "ಪಾಲಿಶ್ ಅಂದ್ರೆ ಹಚ್ಚೋದು ಅಂದ್ಕೊಂಡ್ರಾ ಯಜಮಾನ್ರೇ? ಕೆರೆಯೋದು. ಬಣ್ಣದ ಮೇಲೆ ಗಾಜಿನ ಥರ ಒಂದು ಪದರ ಇರತ್ತೆ, ಕಾಗದಕ್ಕಿಂತ ತೆಳು. ಗೀರು ಎಷ್ಟು ಆಳ ಇದೆಯೋ ಅಷ್ಟು ಆಳಕ್ಕೆ ಸುತ್ತಲಿನ ಪದರಾನೂ ಕೆರೆದುಬಿಟ್ರೆ ಗೀರು ಕಾಣಲ್ಲ. ಹೊಳಪು ಬಂತು ಅಂತೀವಿ. ಬಂದಿದ್ದಲ್ಲ, ಹೋಗಿದ್ದು."

ಭಾವನವರು ಕಾರಿಗೆ ಒರಗಲು ಹೋಗಿ, ನೆನಪಾಗಿ, ಗೋಡೆಗೆ ಒರಗಿದರು. "ಹಾಗಾದ್ರೆ ಈ ವ್ಯಾಕ್ಸು?"

"ಅದು ಮೇಣ. ಗೀರಿನೊಳಗೆ ತುಂಬಿಕೊಂಡು ಮುಚ್ಚತ್ತೆ. ಕೆಲವು ತಿಂಗಳು ಚೆಂದ. ಮಳೆ ಬಿಸಿಲಿಗೆ ಹೋದ ಮೇಲೆ ಮತ್ತೆ ಇಣುಕತ್ತೆ. ಆ ಕೋಟಿಂಗ್ ಇದೆಯಲ್ಲ, ಅದನ್ನ ಈಗ್ಲೇ ಹಾಕಿದ್ರೆ ಗೀರೂ ಒಳಗೇ ಭದ್ರ."

"ನೀವಾಗಿದ್ರೆ ಏನು ಮಾಡ್ತಿದ್ರಿ?"

"ನಾನಾಗಿದ್ರೆ ಒರೆಸ್ತಾನೇ ಇರ್ಲಿಲ್ಲ," ಎಂದು ಹೇಳಿ, ಚಹಾ ಕುಡಿದು, ಮುದುಕ ಹೊರಟುಹೋದ.

ತಿಳಿವಳಿಕೆ ಬಂದರೆ ಗೊಂದಲ ಕಳೆಯುತ್ತದೆ ಎಂದು ನಾನು ಮಕ್ಕಳಿಗೆ ಬಹುಕಾಲ ಪಾಠ ಹೇಳಿದ್ದೇನೆ. ಭಾವನವರ ಗೊಂದಲ ಮಾತ್ರ ಅಂದಿನಿಂದ ಇಮ್ಮಡಿಯಾಯಿತು. ಮೊದಲು ಯಾವ ಸೀಸೆ ಎಂಬುದಷ್ಟೇ ಪ್ರಶ್ನೆಯಾಗಿತ್ತು. ಈಗ ಮಗಳು ಬೆವರು ಸುರಿಸಿ ಕೊಂಡ ಕಾರಿನ ಚರ್ಮವನ್ನು, ಅವಳನ್ನು ಕೇಳದೆ, ನಡುಗುವ ಕೈಯಿಂದ ಕೆರೆಯಬಹುದೇ ಎಂಬುದು ಪ್ರಶ್ನೆ. ಅಕ್ಕನಿಗೆ ಅಂಥ ತೊಡಕೇನೂ ಕಾಣಲಿಲ್ಲ.

"ಆ ಮೇಣ ಹಚ್ಚಿಬಿಡಿ. ಕಾಣಲ್ವಂತಲ್ಲ. ಅವಳಿಗೆ ಹೇಳೋದೂ ಬೇಡ."

"ಕೆಲವು ತಿಂಗಳಿಗೆ ಮೇಣ ಹೋಗತ್ತೆ ಕಣೇ."

"ಹೋದ್ರೆ ಹೋಗ್ಲಿ. ಅಷ್ಟರಲ್ಲಿ ಕಾರೂ ಹಳೇದಾಗಿರತ್ತೆ."

"ಆವಾಗ ಗೀರು ಕಂಡು, ತಾನೇ ಮಾಡಿದ್ದು ಅಂದ್ಕೊಳ್ತಾಳೆ. ಎಲ್ಲಿ ತಾಗಿಸ್ದೆ, ಹೇಗೆ ತಾಗಿಸ್ದೆ ಅಂತ ಕೊರಗ್ತಾಳೆ."

ಅಕ್ಕ ಮೇಣದ ಸೀಸೆಯನ್ನು ಮೇಜಿನ ಆಚೆಗೆ ಸರಿಸಿದಳು. "ಹಾಗಾದ್ರೆ ಹೇಳಿಬಿಡಿ."

"ಹೇಳ್ಬೇಕು. ಸರಿಮಾಡಿ ಹೇಳೋದಾ, ಹೇಳಿ ಸರಿಮಾಡೋದಾ? ಸರಿಮಾಡೋಕೆ ಹೋಗಿ ಕೆಟ್ರೆ ಎರಡು ಹೇಳ್ಬೇಕು."

ಉಳಿದ ಆರು ದಿನವೂ ಈ ಎರಡರ ನಡುವೆ ಅವರು ಗಡಿಯಾರದ ಲೋಲಕದಂತೆ ಓಲಾಡಿದರು. ಬೆಳಗ್ಗೆ ಕೋಟು ತೊಟ್ಟು, ಬಟ್ಟೆ ನೆನೆಸಿ, ಬಾನೆಟ್ಟಿನ ಮುಂದೆ ನಿಲ್ಲುವುದು. ಮಧ್ಯಾಹ್ನ ಬಟ್ಟೆ ಹಿಂಡಿ ಒಣಗಲು ಹಾಕಿ ಒಳಗೆ ಬರುವುದು. ಮಾಡಿದ ಕೆಲಸವೆಂದರೆ ಒಂದೇ: ಪ್ರತಿ ಸೀಸೆಗೂ ತಮ್ಮ ಕೈಬರಹದ ಚೀಟಿ ಅಂಟಿಸಿದ್ದು. ಒಂದರ ಮೇಲೆ "ಮುಚ್ಚುವುದು" ಎಂದಿತ್ತು, ಒಂದರ ಮೇಲೆ "ಭದ್ರಪಡಿಸುವುದು, ಈಗ ಬೇಡ", ಎರಡರ ಮೇಲೆ "ಕೆರೆಯುವುದು", ಕೊನೆಯದರ ಮೇಲೆ "ಗೊತ್ತಿಲ್ಲ".

ಹನ್ನೆರಡನೆಯ ದಿನ ಸಂಜೆ ಮಗಳು ಬಂದಳು. ಅವಳು ಗೇಟು ತೆರೆದು ಚೀಲವನ್ನು ಇಳಿಸುವ ಮೊದಲೇ ಭಾವನವರು ಮೆಟ್ಟಿಲಿನಿಂದ ಹೇಳಿದರು, ಬಾಯಿಪಾಠ ಒಪ್ಪಿಸುವವರಂತೆ: "ಬಾನೆಟ್ಟಿನ ಮೇಲೆ ಗೀರು ಬಿದ್ದಿದೆ. ನಾನೇ ಮಾಡಿದ್ದು. ಒಣಬಟ್ಟೆಯಲ್ಲಿ ಒರೆಸ್ದೆ."

ಅವಳು ಹೊದಿಕೆಯನ್ನು ಸರಿಸಿ ನೋಡಿದಳು. ಸಂಜೆಯ ಓರೆ ಬಿಸಿಲು ಯಾವುದನ್ನೂ ಮುಚ್ಚಿಡಲಿಲ್ಲ. "ಒಂದೇ ಮಾತು ಹೇಳಿ ಹೋಗಿದ್ದೆ ಅಪ್ಪಾ. ಒಂದೇ ಒಂದು." ಅಷ್ಟೇ ಅಂದು ಒಳಗೆ ಹೋದಳು. ಇದಿಷ್ಟನ್ನೂ ಅಕ್ಕ ಆಮೇಲೆ ನನಗೆ ಹೇಳಿದಳು.

ಮರುದಿನ ಬೆಳಗ್ಗೆ ನಾನು ಹೋದಾಗ ಮಗಳು ಮೇಜಿನ ಮುಂದೆ ನಿಂತು ಚೀಟಿಗಳನ್ನು ಒಂದೊಂದಾಗಿ ಓದುತ್ತಿದ್ದಳು. ಕೊನೆಯದನ್ನು ಓದಿ, ನಗು ತಡೆಯಲು ತುಟಿ ಕಚ್ಚಿಕೊಂಡು, ತಂದೆಯತ್ತ ತಿರುಗಿದಳು.

"ಕಡಿಮೆ ಕೆರೆಯೋದು ಯಾವುದು?"

"ಇದು. ಹಾಗಂತ ಅದೇ ಹೇಳ್ಕೊಳ್ತಾ ಇದೆ. ನಾನು ಹೇಳ್ತಾ ಇಲ್ಲ."

"ನಡಿ."

"ನನ್ನ ಕೈ..." ಎಂದರು ಭಾವನವರು. ಆ ಮನೆಯಲ್ಲಿ ಆ ಮಾತನ್ನು ಎತ್ತಿದ್ದು ಅದೇ ಮೊದಲು.

"ಗೊತ್ತು. ನಡಿ."

ಬಾನೆಟ್ಟನ್ನು ಮೊದಲು ನೀರು ಸುರಿದು ತೊಳೆದರು. ಆಮೇಲೆ ಮಗಳು ಸ್ಪಂಜನ್ನು ತಂದೆಯ ಕೈಯಲ್ಲೇ ಇಟ್ಟು, ತನ್ನ ಅಂಗೈಯಿಂದ ಅವರ ಮೊಣಕೈಯನ್ನು ಆನಿಸಿಕೊಂಡಳು. ರೋಗಿಗಳೊಡನೆ ಆಡುವ ದನಿ ಅವಳಿಗೆ ತಾನಾಗಿಯೇ ಬಂತು. "ಭುಜ ಸಡಿಲ ಬಿಡು. ಬೆರಳಲ್ಲಿ ಒತ್ತಬೇಡ, ಅಂಗೈಯಲ್ಲಿ ತಳ್ಳು. ಉಸಿರು ಬಿಡಪ್ಪಾ, ಯಾಕೆ ಕಟ್ಕೊಂಡಿದೀಯ?" ಭಾವನವರು ಪ್ರತಿ ಸುತ್ತನ್ನೂ ಬಾಯಲ್ಲಿ ಎಣಿಸುತ್ತ ಉಜ್ಜಿದರು. ಗಂಟೆಯೊಂದಾಯಿತು. ಎರಡು ಗೇಣಿನಷ್ಟು ಜಾಗದಲ್ಲಿ ಬಲೆ ಅಳಿಸಿಹೋಗಿ ನೀಲಿ ಮೇಲೆದ್ದು ಬಂತು. ಉಳಿದ ಕಡೆಯೂ ಉಜ್ಜಿದರು. ಗೀರುಗಳು ಮಸುಕಾದವು, ಪೂರ್ತಿ ಹೋಗಲಿಲ್ಲ.

"ಸಾಕು," ಎಂದರು ಭಾವನವರು.

"ಇನ್ನೂ ಇದೆಯಲ್ಲ?"

"ಇರ್ಲಿ. ಇದಕ್ಕೆ ಇನ್ನೂ ಎಷ್ಟೋ ವರ್ಷದ ಬಿಸಿಲಿದೆ. ಪದರ ಉಳಿಬೇಕು."

"ಇಷ್ಟೇ ಸರೀನಾ? ಗ್ಯಾರಂಟಿನಾ?"

"ಗೊತ್ತಿಲ್ಲ ಮಗಾ."

ಅವರು ನಿಲ್ಲಿಸಿದ ಜಾಗ ಸರಿಯೋ ತಪ್ಪೋ ನನಗೂ ಗೊತ್ತಿಲ್ಲ. ಅಂಗಡಿಯವನನ್ನು ಕೇಳಿದರೆ ಇನ್ನೊಂದು ಸೀಸೆ ಹೇಳುತ್ತಾನೆ, ಬಣ್ಣದ ಮುದುಕ ನಗುತ್ತಾನೆ. ಕಾರು ಈಗ ದಿನವೂ ಹತ್ತು ಮನೆಗಳ ಮುಂದೆ ನಿಲ್ಲುತ್ತದೆ; ಯಾರಾದರೂ ಆ ಮಸುಕು ಗೀರುಗಳನ್ನು ತೋರಿಸಿದರೆ ಮಗಳು "ನಮ್ಮಪ್ಪ ಒರೆಸಿದ್ದು" ಎನ್ನುತ್ತಾಳೆ. ಆ ದನಿಯಲ್ಲಿ ದೂರು ಎಷ್ಟು, ಹೆಮ್ಮೆ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಭಾವನವರಂಥವರು ಲೋಕದಲ್ಲಿ ಅಲ್ಲಲ್ಲಿ ಸಿಗುತ್ತಾರೆ. ಅಂಗಡಿಯಲ್ಲಿ ಅವರ ಹಿಂದೆ ನಿಂತವರು ನಿಡುಸುಯ್ಯುತ್ತಾರೆ. ಮನೆಯವರು ತಲೆ ಚಚ್ಚಿಕೊಳ್ಳುತ್ತಾರೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಗೊಂದಲವೇ ಎಂದು ನಾವು ನಗುತ್ತೇವೆ. ನಮಗೆ ಗೊಂದಲವಾಗದಿರುವುದಕ್ಕೆ ಕಾರಣ ನಮ್ಮ ಬುದ್ಧಿ ಚುರುಕಾಗಿರುವುದಲ್ಲ. ನಮ್ಮ ಕೈ ತಪ್ಪಿದರೆ ಯಾರಿಗೆ ನೋಯುತ್ತದೆ ಎಂದು ನಾವು ಅಷ್ಟು ದೂರ ಯೋಚಿಸುವುದೇ ಇಲ್ಲ. ಅವರು ಯೋಚಿಸುತ್ತಾರೆ, ಆದ್ದರಿಂದ ತಡವರಿಸುತ್ತಾರೆ. ಇಂಥವರು ಕೊಳ್ಳಲು ಹೊರಟರೆ ಅಂಗಡಿಯವರಿಗೆ ತಲೆನೋವು. ಔಷಧಿ ಕೊಡಲು ನಿಂತರೆ ಊರಿಗೆ ನಿಶ್ಚಿಂತೆಯ ನಿದ್ದೆ.